ಬಕೆಟ್ಟಿನ ಸದ್ದು

ಕಂಬಳಿ ಹಿಂಡುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಮಗಳ ಕೈಯಲ್ಲಿ. ಹಿತ್ತಲಿನಲ್ಲಿ ನಿಂತು ಇಬ್ಬರೂ ಎದುರುಬದುರಾಗಿ ತಿರುಚುತ್ತಿದ್ದಾಗ ಬೆಲ್ಲು ಬಡಿದುಕೊಂಡಿತು. ಮಗಳು ತನ್ನ ತುದಿಯನ್ನೂ ನನ್ನ ತೋಳಿಗೆ ಹೇರಿ ಹೋದವಳು ಬಿಳಿಚಿದ ಮುಖ ಹೊತ್ತು ಬಂದಳು.

"ಅಮ್ಮಾ, ನಮ್ಮ ಡೈರೆಕ್ಟರು!"

ಅವಳ ಹಿಂದೆಯೇ ಆ ಮನುಷ್ಯ ಹಿತ್ತಲಿಗೆ ಬಂದ. ನನ್ನನ್ನು ಕೆಲಸದಿಂದ ಅಟ್ಟಿ ವರ್ಷದ ಮೇಲಾಗಿತ್ತು. ಈಗ ಮುಖದ ತುಂಬ ನಗು.

"ಹೇಗಿದ್ದೀರಿ ಅಜ್ಜಿ?"

"ಕೈ ಜಾರದ ಹಾಗೆ ನೋಡ್ಕೊಂಡಿದ್ದೀನಿ ಸಾರ್. ಸ್ವಲ್ಪ ಆ ತುದಿ ಹಿಡೀರಿ, ಬಿಟ್ರೆ ನೆಲ ಸೇರುತ್ತೆ."

ಪಾಪ, ಬೇರೆ ದಾರಿಯಿರಲಿಲ್ಲ. ಇಸ್ತ್ರಿ ಮಾಡಿದ ತೋಳಿನಿಂದಲೇ ಹಿಡಿದ. ನಾನು ಬೇಕೆಂದೇ ಬಿಗಿಯಾಗಿ ತಿರುಚಿದೆ. ತಣ್ಣೀರು ಅವನ ಬೂಟಿಗೆ ಇಳಿಯಿತು. ಮಗಳು ಕಣ್ಣಲ್ಲೇ ನನ್ನನ್ನು ಗದರಿ ಅಡುಗೆಮನೆಗೆ ನುಗ್ಗಿದಳು. ಅವಳು ಅವನದೇ ಸಂಸ್ಥೆಯ ಉಗ್ರಾಣದಲ್ಲಿ ಗುಮಾಸ್ತೆ.

ಅವನು ಬಂದದ್ದೇಕೆ ಎನ್ನುವ ಮೊದಲು ಆ ಇಲಿಗಳ ವಿಷಯ ಹೇಳಬೇಕು.

ಹೊಸ ಮದ್ದು ಪರೀಕ್ಷಿಸುವ ಆ ಸಂಸ್ಥೆಯ ಪ್ರಾಣಿಗಳ ಮನೆಯಲ್ಲಿ ನಾನು ಗೂಡು ತೊಳೆಯುತ್ತಿದ್ದೆ, ಮೇವು ಹಾಕುತ್ತಿದ್ದೆ. ಅಲ್ಲಿನ ಬಿಳಿ ಇಲಿಗಳಿಗೆ ಹುಟ್ಟಿನಿಂದಲೇ ಒಂದು ಬಗೆಯ ಮೂರ್ಛೆ. ಬೀಳುವುದಿಲ್ಲ, ಒದ್ದಾಡುವುದಿಲ್ಲ. ಓಡಾಡುತ್ತಿದ್ದ ಇಲಿ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಕಣ್ಣು ತೆರೆದೇ ಇರುತ್ತದೆ, ಮೀಸೆ ಮಾತ್ರ ನಡುಗುತ್ತದೆ. ತಲೆಗೆ ಜೋಡಿಸಿದ ತಂತಿಯಿಂದ ಪರದೆಯ ಮೇಲೆ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ಆಮೇಲೆ ಏನೂ ಆಗದಂತೆ ಮತ್ತೆ ಓಡಾಡುತ್ತದೆ. ಒಂದು ಚಪ್ಪಾಳೆ ತಟ್ಟಿದರೆ ಸಾಕು, ನಿಂತ ಇಲಿಗೆ ಎಚ್ಚರವಾಗಿ ಗೆರೆಗಳು ಮಟ್ಟಸವಾಗುತ್ತವೆ. ಹೊಸದಾಗಿ ಸೇರಿದವರಿಗೆ ಡೈರೆಕ್ಟರೇ ಚಪ್ಪಾಳೆ ತಟ್ಟಿ ಇದನ್ನು ತೋರಿಸುತ್ತಿದ್ದ. ಹಾಗಾಗಿ ಇಲಿಗಳು ಎಷ್ಟು ಸಲ ನಿಲ್ಲುತ್ತವೆಂದು ಎಣಿಸುವ ಕೋಣೆಯಲ್ಲಿ ನಾವು ಬಟ್ಟೆಯ ಚಪ್ಪಲಿ ಹಾಕಿಕೊಳ್ಳಬೇಕಿತ್ತು. ಸೀನು ಬಂದರೂ ಮೂಗು ಹಿಡಿದು ಹೊರಗೋಡಬೇಕು.

ಇದೇ ತೊಂದರೆ ಚಿಕ್ಕಂದಿನಲ್ಲಿ ನನ್ನ ಮಗಳಿಗೂ ಇತ್ತು. ಬಾಯಿಗೆ ಹೋಗುವ ತುತ್ತು ಗಾಳಿಯಲ್ಲೇ ನಿಲ್ಲುತ್ತಿತ್ತು. ಶಾಲೆಯಲ್ಲಿ ಅವಳಿಗೆ ‘ಫೋಟೋ’ ಎಂದೇ ಹೆಸರು. ಒಬ್ಬ ಡಾಕ್ಟರು, ಮೂರ್ಛೆಯೆಲ್ಲ ಒಂದೇ ಎಂದುಕೊಂಡು, ಬಿದ್ದು ಒದ್ದಾಡುವವರಿಗೆ ಕೊಡುವ ಮಾತ್ರೆ ಕೊಟ್ಟರು. ಅದರಿಂದ ನಿಲ್ಲುವುದು ಕಡಿಮೆಯಾಗುವ ಬದಲು ಗಳಿಗೆಗೊಂದು ಸಲವಾಯಿತು. ಮಾತ್ರೆ ಬದಲಾಯಿಸಿದ ಮೇಲೆಯೇ ಮಗು ನಮಗೆ ಮರಳಿ ಸಿಕ್ಕಿದ್ದು. ಒಂದು ಮೂರ್ಛೆಯನ್ನು ಅಡಗಿಸುವ ಮದ್ದು ಇನ್ನೊಂದನ್ನು ಕೆರಳಿಸಬಹುದು. ಹೊಸ ಮದ್ದನ್ನು ಮೊದಲು ಈ ಇಲಿಗಳಿಗೆ ಕೊಟ್ಟು ನೋಡುವುದು ಅದಕ್ಕೇ.

ಡೈರೆಕ್ಟರ ಹೊಸ ಮದ್ದನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟದ್ದು ನನ್ನ ಕೋಣೆಯ ಇಲಿಗಳಿಗೆ. ಅಂದು ನನ್ನ ಕೈಯಿಂದ ಸ್ಟೀಲಿನ ಬಕೆಟ್ಟು ಬಿತ್ತು. ಇಲಿಗಳೆಲ್ಲ ಬೆಚ್ಚಿದವು, ಗೆರೆಗಳು ಮಟ್ಟಸವಾದವು. ಪರದೆ ನೋಡುತ್ತಿದ್ದ ಕನ್ನಡಕದ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಆದರೆ ಕೋಣೆ ಮತ್ತೆ ನಿಶ್ಶಬ್ದವಾದದ್ದೇ ತಡ, ಒಂದಾದ ಮೇಲೊಂದು ಇಲಿ ನಿಲ್ಲತೊಡಗಿತು. ಹೋಲಿಕೆಗೆಂದು ಮದ್ದಿಲ್ಲದೆ ಬರೀ ಉಪ್ಪುನೀರು ಚುಚ್ಚಿದ ದಿನಕ್ಕಿಂತ ಎಷ್ಟೋ ಹೆಚ್ಚು. ಹುಡುಗಿಯ ನಗು ಇಂಗಿಹೋಯಿತು.

ಮರುದಿನ ಡೈರೆಕ್ಟರ್ ಎಲ್ಲರನ್ನೂ ಸೇರಿಸಿ, "ಈ ಮುದುಕಿ ಕೈ ಜಾರಿ ಪ್ರಯೋಗವೇ ಕೆಟ್ಟುಹೋಯ್ತು, ಆ ಕೋಣೆ ಲೆಕ್ಕಕ್ಕಿಲ್ಲ" ಎಂದ. "ಸದ್ದಾದ್ರೆ ಕಡಿಮೆ ಆಗ್ಬೇಕಲ್ವಾ ಸಾರ್?" ಎಂದ ಹುಡುಗಿಯನ್ನು ಬೇರೆ ಕಟ್ಟಡಕ್ಕೆ ಎಸೆದ. ನನ್ನನ್ನು ಗೇಟಿನ ತನಕ ಕಾವಲುಗಾರನ ಜೊತೆ ಕಳ್ಳಿಯ ಹಾಗೆ ಕಳಿಸಿದ.

ರಾತ್ರಿ ಶಾಲೆಯಲ್ಲಿ ತಡವಾಗಿ ಕಲಿತ ಅಕ್ಷರ ನನ್ನದು. ಆ ಅಕ್ಷರದಲ್ಲೇ ಮದ್ದುಗಳಿಗೆ ಒಪ್ಪಿಗೆ ಕೊಡುವ ಸಮಿತಿಗೆ ಪತ್ರ ಬರೆದೆ. ಮಗಳು ಕಾಲು ಹಿಡಿಯುವುದೊಂದು ಬಾಕಿ: "ನಿನ್ನ ಸೇಡಿಗೆ ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ? ಇಲಿ ತಾನೇ ಅಮ್ಮ, ಬಿಡು." ನಾನು ಬಿಡಲಿಲ್ಲ, ಪತ್ರವನ್ನು ಅಂಚೆಗೆ ಹಾಕದೆ ತಡೆದಿಟ್ಟೆ ಅಷ್ಟೆ. ಬೆಳಿಗ್ಗೆ ಎದ್ದರೆ ಅವನ ಮುಖ, ಮಲಗಿದರೆ ಅವನ ಮಾತು. ಹಾಲು ಉಕ್ಕದಂತೆ ಕಾಯುವವಳ ಹಾಗೆ ನನ್ನ ಸಿಟ್ಟನ್ನು ಕಾದೆ.

ಈಗ ಅದೇ ಮನುಷ್ಯ ಒದ್ದೆ ತೋಳಿನಲ್ಲಿ ನಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ.

"ಅವತ್ತು ಬಕೆಟ್ ಬಿದ್ದದ್ದು ನಿಜ ತಾನೇ ಅಜ್ಜಿ?"

"ನಿಜ ಸಾರ್."

"ಅಷ್ಟೇ ಬರೆದುಕೊಡಿ. ಆ ಕೋಣೆ ಇಲಿಗಳನ್ನ ಲೆಕ್ಕದಿಂದ ಯಾಕೆ ಬಿಟ್ರಿ ಅಂತ ಸಮಿತಿಯವರು ಕೇಳ್ತಿದ್ದಾರೆ. ಇದೊಂದು ಮುಗಿದ್ರೆ ಆ ಮದ್ದನ್ನ ಮಕ್ಕಳಿಗೆ ಕೊಡೋಕೆ ಶುರು ಮಾಡ್ತೀವಿ."

ಅಡುಗೆಮನೆಯ ಬಾಗಿಲಲ್ಲಿ ಲೋಟಗಳು ಗಲಗಲ ಎಂದವು.

ನಾನು ಪೆನ್ನು ತಂದೆ. "ಸದ್ದು ಹೇಗಿತ್ತು ಅಂತ ಬರೀಲಿ?"

"ತುಂಬಾ ಜೋರು ಅನ್ನಿ. ಎಲ್ಲ ಇಲಿಗಳೂ ಬೆಚ್ಚಿಬಿದ್ವು ಅನ್ನಿ."

"ಆಮೇಲೆ ನಿಲ್ಲೋದು ಹೆಚ್ಚಾಯ್ತು ಅಂತಾನೂ ಹಾಕ್ಲಾ?"

"ಹಾಕಿ, ಹಾಕಿ. ಅದಕ್ಕೇ ಅಲ್ವಾ ಬಿಟ್ಟಿದ್ದು!"

"ನನ್ನಂಥೋಳ ಮಾತು ಯಾರು ನಂಬ್ತಾರೆ? ಕೆಳಗೆ ನಿಮ್ದೂ ಒಂದು ಸಹಿ ಇರ್ಲಿ. ಇನ್ನೊಂದು ಪ್ರತಿ ನನಗೆ, ಮುದುಕಿಗೆ ಮರೆವು ಜಾಸ್ತಿ."

ಗಡಿಬಿಡಿಯಲ್ಲಿದ್ದ. ಎರಡಕ್ಕೂ ಸಹಿ ಗೀಚಿ, "ನೀವು ಒಳ್ಳೆಯವರು" ಎಂದು ಹೊಗಳಿ ಹೋದ. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ? ಅಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮಗಳು ಉರಿದುಬಿದ್ದಳು. "ಅವರು ಹೇಳಿದ್ದಕ್ಕೆಲ್ಲ ಹೂಂ ಅಂದ್ಯಲ್ಲ! ವರ್ಷವಿಡೀ ಹಲ್ಲು ಕಡೀತಿದ್ದೋಳು ನೀನೇನಾ?"

"ಚಿಕ್ಕೋಳಿದ್ದಾಗ ನೀನು ಹಾಗೇ ನಿಂತಿರುವಾಗ ಚಪ್ಪಾಳೆ ತಟ್ಟಿದ್ರೆ ಏನ್ಮಾಡ್ತಿದ್ದೆ?"

"ಏನ್ಮಾಡ್ತಿದ್ದೆ? ಎಚ್ಚರ ಆಗ್ತಿತ್ತು."

"ಅಷ್ಟು ಜೋರು ಸದ್ದಾದ್ಮೇಲೂ ಇಲಿಗಳು ಹೆಚ್ಚು ಸಲ ನಿಂತ್ವು ಅಂದ್ರೆ, ತಪ್ಪು ಬಕೆಟ್ಟಿನದಾ, ಮದ್ದಿನದಾ? ಹಾಗಂತ ಅವನೇ ಸಹಿ ಹಾಕಿ ಹೋಗಿದ್ದಾನೆ ಕಣೇ."

ಅವಳು ಕಾಗದವನ್ನು ಎರಡು ಸಲ ಓದಿದಳು. ಮಡಿಚಿ ನನ್ನ ಕೈಗಿಟ್ಟಳು.

"ಆ ಮಾತ್ರೆ ತಗೊಳ್ತಿದ್ದಾಗ ನಾನು ಹೇಗಿದ್ದೆ ಅಮ್ಮ? ನನಗೆ ನೆನಪೇ ಇಲ್ಲ."

"ನೀನು ಇರ್ಲೇ ಇಲ್ಲ. ತಲೆ ಬಾಚ್ತಾ ಕೂತ್ರೆ, ಒಂದು ಜಡೆ ಮುಗಿಯೋದ್ರೊಳಗೆ ಎಷ್ಟು ಸಲ ಹೋಗಿ ಬರ್ತಿದ್ಯೋ."

"ಹಾಕು ಪತ್ರ."

"ನಿನ್ನ ಕೆಲಸ?"

"ಹೋದ್ರೆ ಹೋಗ್ಲಿ. ಯಾವ್ದೋ ಮಗೂನ ಮತ್ತೆ ಫೋಟೋ ಮಾಡೋಕೆ ನಾನು ಬಿಲ್ಲು ಬರೀಬೇಕಾ?"

ಹಳೆಯ ಪತ್ರವನ್ನು ತೆಗೆದೆ. ಕೊನೆಯಲ್ಲಿ, ಮರ್ಯಾದೆಗೆಂದು, ‘ಅವರು ಬೇಕೆಂದೇ ಮಾಡಿರಲಾರರು’ ಎಂದು ಬರೆದಿದ್ದೆ. ಅದರ ಮೇಲೆ ಗೆರೆ ಎಳೆದೆ. ಕನ್ನಡಕದ ಹುಡುಗಿಗೆ ಫೋನು ಮಾಡಿದರೆ, "ನನ್ನ ಹೆಸರೂ ಹಾಕಿ ಅಜ್ಜಿ, ದಪ್ಪಗೆ ಹಾಕಿ" ಎಂದಳು. ಹಾಕಿದೆ. ಅವನು ಸಹಿ ಮಾಡಿದ ಪ್ರತಿಯನ್ನೂ ಒಳಗಿಟ್ಟು ಅಂಟಿಸಿದೆ.

ಅಂಚೆ ಕಚೇರಿಯಲ್ಲಿ ಮುಚ್ಚುವ ಹೊತ್ತು. ಗುಮಾಸ್ತ ಲಕೋಟೆ ತೂಗಿ ಕೇಳಿದ: "ಅರ್ಜೆಂಟಾ ಅಜ್ಜಿ?"

"ಹೋದ ವರ್ಷವೇ ಅರ್ಜೆಂಟಿತ್ತಪ್ಪ."

ನಕ್ಕು ಮುದ್ರೆ ಒತ್ತಿದ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದ. ನಾನು ಕದಲಲಿಲ್ಲ.

"ಆಯ್ತಲ್ಲ, ಹೊರಡಿ ಇನ್ನು."

"ಚೀಲದ ಬಾಯಿ ಕಟ್ಟು, ಹೊರಡ್ತೀನಿ."

ಅವನು ಗೊಣಗುತ್ತಾ ಕಟ್ಟಿದ.