ಬ್ಯಾಂಡ್ ಸ್ವಿಚ್ಚಿಗೆ ತೆಂಗಿನೆಣ್ಣೆ

ಕೇಶವ ಯಾರು ಹೇಳಿದರೂ ಕೇಳುವ ಆಸಾಮಿಯಲ್ಲ. ಅಹಮದಾಬಾದಿನ ಸಂಶೋಧನಾಲಯವೊಂದರಲ್ಲಿ ಮೀಟರು ರಿಪೇರಿಯ ಕೆಲಸ. ಸಂಜೆಯಾದರೆ ಹಳೇ ರೇಡಿಯೋಗಳಿಗೆ ಜೀವ ಕೊಡುವ ಹುಚ್ಚು. ಉಡುಪಿಯಲ್ಲಿ ಈ ವಿದ್ಯೆ ಕಲಿತು ಬಂದವನು, ಅಲ್ಲಿ ಕಲಿತದ್ದೇ ವೇದ ಅಂದುಕೊಂಡಿದ್ದ.

೧೯೬೩ರ ದಸರೆ ಕಳೆದ ಮೇಲೆ, ನವರಂಗಪುರದಲ್ಲಿ ಹೋಟೆಲ್ ಇಟ್ಟಿದ್ದ ಸದಾಶಿವ ರಾಯರು ಅವನ ಕೈಗೊಂದು ರೇಡಿಯೋ ಕೊಟ್ಟರು. ಮಹಾಯುದ್ಧಕ್ಕೂ ಮೊದಲಿನದು. ಸ್ಟೇಷನ್ನಿನ ಗುಂಪು ಬದಲಿಸುವ ಬ್ಯಾಂಡ್ ಸ್ವಿಚ್ ತಿರುಗಿಸಿದರೆ ಬರೀ ಕರಕರ. ಅದರ ಹಿತ್ತಾಳೆ ನಾಲಗೆಗಳಿಗೆ ಹಿಡಿದ ಕಿಲುಬನ್ನು ಕೇಶವ ಸ್ಪಿರಿಟ್ಟಿನಲ್ಲಿ ತೊಳೆದ. ಇನ್ನು ಅವು ಸವೆಯದ ಹಾಗೆ ಏನಾದರೂ ಸವರಬೇಕು. ಇದಕ್ಕೆಂದೇ ಇರುವ ವಿಲಾಯತಿ ಎಣ್ಣೆ ಸಂಶೋಧನಾಲಯದ ಸಾಹೇಬರ ಬೀರುವಿನಲ್ಲಿ ಬೀಗದೊಳಗಿತ್ತು. ಹೊಲಿಗೆ ಮಷೀನಿನ ಎಣ್ಣೆ ಹರಿದುಹೋಗುತ್ತದೆ. ಮಾಣೆಕ್ ಚೌಕದ ಗಡಿಯಾರ ರಿಪೇರಿಯ ಮುದುಕ, "ಇಷ್ಟೇ ಇಷ್ಟು ವ್ಯಾಸಲೀನ್ ಹಚ್ಚು, ಸಾಕು" ಎಂದ.

ಕೇಶವ ನಕ್ಕುಬಿಟ್ಟ. ಒಡೆದ ತುಟಿಗೆ ಹಚ್ಚುವುದನ್ನು ಸ್ವಿಚ್ಚಿಗೆ ಹಚ್ಚುವುದೇ! ಉಡುಪಿಯಲ್ಲಿ ಅವನ ಗುರುಗಳು ಕೋಳಿಪುಕ್ಕ ಅದ್ದಿ ತೆಂಗಿನೆಣ್ಣೆ ಸವರುತ್ತಿದ್ದರು. ಇಪ್ಪತ್ತು ವರ್ಷ ಒಂದೇ ಒಂದು ದೂರು ಬರಲಿಲ್ಲ. ಇವನೂ ಹಾಗೇ ಸವರಿದ. ರೇಡಿಯೋ ಗಂಟಲು ಬಿಟ್ಟು ಹಾಡಿತು.

ಜನವರಿಯಲ್ಲಿ ಯಶೋದಕ್ಕ, ರಾಯರ ಹೆಂಡತಿ, ಅವನನ್ನು ಹಿತ್ತಲ ಬಾಗಿಲಿಗೆ ಕರೆದು ಒಂದು ಕಾರ್ಡು ತೋರಿಸಿದರು. ಮಗಳು ಜಯಂತಿ ಬರೆದದ್ದು. ಹಾಡಲು ಸಭೆಗೆ ಹೋಗಕೂಡದೆಂದು ರಾಯರು ಕಟ್ಟಪ್ಪಣೆ ಮಾಡಿದ್ದಕ್ಕೆ, ಮೂರು ವರ್ಷದ ಹಿಂದೆ ತಬಲಾದವನೊಬ್ಬನನ್ನು ಮದುವೆಯಾಗಿ ಧಾರವಾಡ ಸೇರಿದ್ದಳು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಗುರುವಾರ ಸಂಜೆ ಏಳಕ್ಕೆ ಧಾರವಾಡದ ಆಕಾಶವಾಣಿಯಲ್ಲಿ ಕಾಲು ಗಂಟೆ ಹಾಡುತ್ತಾಳಂತೆ.

"ಇವರಿಗೆ ಹೇಳಿದೆ. ಬೇಡ ಅನ್ನಲಿಲ್ಲ, ಕೇಶವ" ಎಂದರು ಯಶೋದಕ್ಕ, ಕಣ್ಣೊರೆಸಿಕೊಳ್ಳುತ್ತ. "ನೀನೂ ಬಾ. ಬೆಳಿಗ್ಗೆ ಹೊತ್ತು ರೇಡಿಯೋ ಮಾತಾಡಲಿಕ್ಕೆ ಸ್ವಲ್ಪ ಸೋಮಾರಿತನ ಮಾಡ್ತದೆ."

"ಹಳೇದಲ್ವಾ ಅಕ್ಕ, ಹಾಗೇ" ಎಂದು ತಳ್ಳಿಹಾಕಿದ ಪುಣ್ಯಾತ್ಮ.

ಗುರುವಾರ ಹಲ್ಲು ಕಟಕಟಿಸುವ ಚಳಿ. ರಾಯರು ರೇಡಿಯೋಗೆ ಬೆನ್ನು ಹಾಕಿ ಬಟಾಣಿ ಸುಲಿಯುತ್ತ ಕೂತಿದ್ದರು. ಏಳಕ್ಕೆ ಎರಡು ನಿಮಿಷವಿರುವಾಗ ಕೇಶವ ರೇಡಿಯೋ ಹಾಕಿ ಬ್ಯಾಂಡು ತಿರುಗಿಸಿದ. ಗುಬಟು ಬಿಗಿಯಾಗಿ ತಿರುಗಿತು. ಸದ್ದಿಲ್ಲ. ಹಿಂದಿನ ರಟ್ಟು ಬಿಚ್ಚಿದ, ವಾಲ್ವುಗಳೆಲ್ಲ ಉರಿಯುತ್ತಿದ್ದವು. ಏರಿಯಲ್ ಎಳೆದ, ತಂತಿ ಅಲ್ಲಾಡಿಸಿದ. ಏಳು ಗಂಟೆ ಹೊಡೆಯಿತು.

"ಎಂತ ಆಯ್ತು ಕೇಶವ?"

"ವಾಲ್ವ್ ಹೋಗಿರಬೇಕು ಅಕ್ಕ" ಎಂದ. ಸುಳ್ಳೆಂದು ಅವನಿಗೇ ಗೊತ್ತಿತ್ತು. ಮುಖ ತಪ್ಪಿಸಲು ಅಡುಗೆಮನೆಯತ್ತ ನೋಡಿದರೆ, ಇದ್ದಿಲ ಸಿಗಡಿಯ ಪಕ್ಕ ಕರಗಲು ಇಟ್ಟಿದ್ದ ತಲೆಗೆ ಹಚ್ಚುವ ತೆಂಗಿನೆಣ್ಣೆ ಬಾಟಲಿ. ಅರ್ಧ ಕರಗಿ ನೀರಾಗಿತ್ತು, ಅರ್ಧ ಇನ್ನೂ ಬೆಳ್ಳಗೆ ಗಟ್ಟಿ.

ಉಡುಪಿಯಲ್ಲಿ ಎಂದಾದರೂ ಎಣ್ಣೆ ಹೀಗೆ ಹೆಪ್ಪುಗಟ್ಟಿದ್ದುಂಟೇ? ಇಲ್ಲಿ ಅದು ಸ್ವಿಚ್ಚಿನ ನಾಲಗೆ ನಾಲಗೆಯ ನಡುವೆ ಮೇಣದ ಹಾಗೆ ಕೂತುಬಿಟ್ಟಿತ್ತು.

ಓಡಿಹೋಗಿ ಸಿಗಡಿ ಎತ್ತಿ ತಂದು ರೇಡಿಯೋ ಹಿಂದಿಟ್ಟ. ಬೀಸಣಿಗೆ ಬೀಸಿದ, ಗುಬಟು ತಿರುಗಿಸಿದ, ಮತ್ತೆ ಬೀಸಿದ. ಏಳೂ ಐದು. ಏಳೂ ಹತ್ತು. ಯಶೋದಕ್ಕ ಗೋಡೆಗೊರಗಿ ಸೆರಗು ಬಾಯಿಗಿಟ್ಟುಕೊಂಡರು. ಬಟಾಣಿ ಸುಲಿಯುತ್ತಿದ್ದ ರಾಯರ ಕೈ ಯಾವಾಗಲೋ ನಿಂತುಹೋಗಿತ್ತು. ಕೊನೆಗೆ ಗುಬಟು ಸಡಿಲಾಯಿತು. ರೇಡಿಯೋ ಒಮ್ಮೆ ಗೊರಗುಟ್ಟಿ ಬಾಯಿಬಿಟ್ಟಿತು.

"...ಇದುವರೆಗೆ ದೇವರನಾಮಗಳನ್ನು ಹಾಡಿದವರು ಜಯಂತಿ ಸದಾಶಿವ ರಾವ್."

ಗಂಡನ ಹೆಸರಲ್ಲ, ಅಪ್ಪನದು. ರಾಯರು ಈಗ ತಿರುಗಿ ಕೂತರು. ರೇಡಿಯೋದಲ್ಲಿ ಯಾರೋ ಪೇಟೆ ಧಾರಣೆ ಓದತೊಡಗಿದ್ದರು.

"ವಾಲ್ವ್ ಅಲ್ಲ ರಾಯರೇ" ಎಂದ ಕೇಶವ. "ನಾನು ಹಚ್ಚಿದ ಎಣ್ಣೆ. ವ್ಯಾಸಲೀನ್ ಹಚ್ಚು ಅಂದವರಿದ್ದರು, ಕೇಳಲಿಲ್ಲ. ನಿಮ್ಮ ಮಗಳ ಬಾಯಿ ಮುಚ್ಚಿಸಿದವನು ನಾನೇ."

ರಾಯರು ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟರು.

"ನೀನು ಮುಚ್ಚಿಸಿದ್ದು ಬರೀ ಕಾಲು ಗಂಟೆ ಮಾರಾಯ" ಎಂದರು.