ಹೂಕೋಸಿನ ಎಲೆ ಮಡಚಿದವಳು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಅತ್ತಿಗೆಯನ್ನು ಕೆಲಸದಿಂದ ತೆಗೆದರು. ನಾನೂರ ಎಂಬತ್ತು ಹೂಕೋಸು ಗಿಡಗಳಿಗೆ ಹತ್ತು ದಿನ ನೀರು ಹಾಕಿದ್ದು ಅವಳಲ್ಲ, ಅವಳು ಕದ್ದು ಹಾಕಿಕೊಂಡಿದ್ದ ಒಂದು ಪ್ರೋಗ್ರಾಂ ಎಂದು ಕಾಗದದಲ್ಲಿ ಬರೆದಿತ್ತು. ನೀರು ಹಾಕಿದ್ದು ಅವಳೇ.

ಆ ಗಿಡಗಳು ಯಾವ ಮಣ್ಣಿನಲ್ಲೂ ಇರಲಿಲ್ಲ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಹಾಲ್. ಇಪ್ಪತ್ತೆರಡು ಕುರ್ಚಿ, ಇಪ್ಪತ್ತೆರಡು ಕಂಪ್ಯೂಟರ್, ಕೆಳಗಿನಿಂದ ಏರಿ ಬರುವ ಸುಟ್ಟ ರಬ್ಬರಿನ ವಾಸನೆ. ಸ್ಕ್ರೀನಿನ ಮೇಲೆ ಬೆಳಕು ಬೀಳಬಾರದೆಂದು ಕಿಟಕಿಗಳಿಗೆ ಕಂದು ಕಾಗದ ಅಂಟಿಸಿದ್ದರು. ಹೊರಗೆ ಬಿಸಿಲೋ ಮಳೆಯೋ ತಿಳಿಯದ ಆ ಹಾಲ್‌ನಲ್ಲಿ ಇಪ್ಪತ್ತೆರಡು ಜನ ಬೆಳಗಿನಿಂದ ಸಂಜೆಯವರೆಗೆ ಬೇಸಾಯದ ಆಟ ಆಡುತ್ತಿದ್ದರು. ಆಟ ಅವರದಲ್ಲ. ಎಲ್ಲೋ ಇರುವ ಗಿರಾಕಿಗಳಿಗೆ ತೋಟ ಬೇಕು, ತೋಟ ಮಾಡುವ ತಾಳ್ಮೆ ಬೇಡ. ಬಿತ್ತುವುದು, ನೀರು ಹಾಕುವುದು, ಕಳೆ ಕೀಳುವುದು, ಕಾಗೆ ಓಡಿಸುವುದು ಇವರ ಪಾಲು. ಬುಟ್ಟಿ ತುಂಬಿದಾಗ ಮೊಳಗುವ ತುತ್ತೂರಿ ಗಿರಾಕಿಯ ಪಾಲು. ದುಡಿಮೆಯ ಮಾತು ಬಿಡಿ, ಆಟವನ್ನೂ ಆಳು ಇಟ್ಟು ಆಡಿಸುವ ಕಾಲ ಇದು.

ಅಲ್ಲಿಗೆ ಮೊದಲು ಸೇರಿದವಳು ನಾದಿನಿ. ಎರಡು ವರ್ಷದ ಮೇಲೆ ತನ್ನ ಅಣ್ಣನ ಹೆಂಡತಿಯನ್ನೂ ಕರೆತಂದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. ಅಂದಿನಿಂದ ಹಾಲ್‌ಗೆಲ್ಲ ಒಬ್ಬಳು ಅತ್ತಿಗೆ, ಇನ್ನೊಬ್ಬಳು ನಾದಿನಿ. ಹಾಲ್ ನೋಡಿಕೊಳ್ಳುವವನನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಗಾರೆ ಕೆಲಸದವರ ಮೇಸ್ತ್ರಿಯ ಹಾಗೆ ಸದಾ ಸೊಂಟಕ್ಕೆ ಕೈಕೊಟ್ಟು ಬೆನ್ನ ಹಿಂದೆ ನಿಲ್ಲುತ್ತಿದ್ದ ಕಾರಣ ಬಂದ ಹೆಸರು.

ಹೊಸಬರಿಗೆ ಅಲ್ಲಿ ಮೊದಲು ಹೇಳಿಕೊಡುತ್ತಿದ್ದುದು ಬಿತ್ತನೆಯನ್ನಲ್ಲ, ತಪ್ಪುವುದನ್ನು. ಆಟ ತನ್ನೊಳಗೆ ಬಂದ ಕೈಗಳನ್ನು ಗಮನಿಸುತ್ತಿರುತ್ತದೆ. ಕೈ ತೀರಾ ಒಂದೇ ಸಮನೆ ಓಡಿದರೆ ಅದು ಮನುಷ್ಯನಲ್ಲ, ಯಂತ್ರ ಎಂದು ತೀರ್ಮಾನಿಸಿ ತೋಟಕ್ಕೆ ಬೀಗ ಜಡಿಯುತ್ತದೆ. ಆದ್ದರಿಂದ ಹದಿನೈದು ಗಿಡಕ್ಕೊಂದನ್ನು ಬಿಡಬೇಕು, ಆಮೇಲೆ ನೆನಪಾದವರಂತೆ ಹಿಂದೆ ಬರಬೇಕು, ಆಗಾಗ ಆಟದೊಳಗಿನ ತಮ್ಮ ಗೊಂಬೆಯನ್ನು ಬೇಲಿಗೆ ಡಿಕ್ಕಿ ಹೊಡೆಸಬೇಕು. ಒಬ್ಬೊಬ್ಬರದು ಒಂದೊಂದು ತಪ್ಪು. ದಪ್ಪ ಕನ್ನಡಕದ ಸೋಡಾಬುಡ್ಡಿ ದಿನಾ ಹನ್ನೊಂದಕ್ಕೆ ಗೊಂಬೆಯನ್ನು ಬಾವಿಗೆ ಬೀಳಿಸುತ್ತಿದ್ದ. ಅವನು ಬಿದ್ದ ಮೇಲೆ ಉಳಿದವರು ಚಹಾಕ್ಕೆ ಏಳುತ್ತಿದ್ದರು. ಒಂದು ದಿನ ಅವನು ರಜೆ ಹಾಕಿದಾಗ, ಇವತ್ತು ಬಾವಿಗೆ ಬೀಳೋರೇ ಗತಿಯಿಲ್ಲ, ಚಹಾ ಹೆಂಗಪ್ಪಾ ಕುಡಿಯೋದು ಎಂದು ಹಾಲ್ ನಕ್ಕಿತ್ತು.

ಅತ್ತಿಗೆಗೆ ಎಲ್ಲ ಬಂತು, ತಪ್ಪುವುದು ಮಾತ್ರ ಬರಲಿಲ್ಲ. ಮದುವೆಗೆ ಮುಂಚೆ ಒಂಬತ್ತು ವರ್ಷ ತರಕಾರಿ ಮಂಡಿಯಲ್ಲಿ ಹೂಕೋಸು ವಿಂಗಡಿಸಿದವಳು. ಎಲೆ ಸರಿಸಿ ನೋಡಿ, ಬಿಳಿಯದು ಈಚೆಗೆ, ಹಳದಿ ತಿರುಗಿದ್ದು ಆಚೆಗೆ. ಬಿಸಿಲು ತಾಗಿದ ಹೂಕೋಸಿಗೆ ಯಾವ ಗತಿ ಎಂದು ಅವಳ ಕೈ ಬಲ್ಲದು. ಬಾಯಾರಿದ ಗಿಡವನ್ನು ಬಿಟ್ಟು ಮುಂದೆ ಹೋಗುವುದು ಅವಳಿಂದ ಆಗುತ್ತಿರಲಿಲ್ಲ. ಅದು ಬರೀ ಚಿತ್ರ ಕಣ್ರೀ ಎಂದು ನಾದಿನಿ ತಲೆ ಚಚ್ಚಿಕೊಂಡಳು.

“ನಂಗೆ ಗೊತ್ತು ಕಣೇ,” ಅಂದಳು ಅತ್ತಿಗೆ. “ಕೈಗೆ ಗೊತ್ತಿಲ್ಲ.”

ಕೊನೆಗೆ ನಾದಿನಿಯೇ ಒಂದು ದಾರಿ ಹುಡುಕಿದಳು. ತನ್ನ ಗಿಡಗಳನ್ನು ಎಣಿಸುತ್ತಲೇ ಮೇಜಿನ ಕೆಳಗೆ ಅತ್ತಿಗೆಯ ಪಾದಕ್ಕೆ ಕಾಲಿನಿಂದ ತಿವಿಯುವುದು. ತಿವಿದಾಗ ಅತ್ತಿಗೆ ಒಂದು ಗಿಡ ಬಿಡುವುದು. ಬಿಟ್ಟಾಗಲೆಲ್ಲ ಒಂದು ನಿಟ್ಟುಸಿರು. ಹೀಗೆ ನಾಲ್ಕು ವರ್ಷ ನಡೆಯಿತು. ಅತ್ತಿಗೆ ಮಾಡಿದ ತಪ್ಪುಗಳೆಲ್ಲ ನಾದಿನಿಯ ಕಾಲಿನವು.

ಹೂಕೋಸಿನ ತೋಟ ಬೇರೆ ಥರದ್ದು. ಆ ಗಿರಾಕಿಗೆ ಆಟದೊಳಗಿನ ಪಂದ್ಯವೊಂದಕ್ಕೆ ನಾನೂರ ಎಂಬತ್ತು ಹೂಕೋಸು ಬೇಕಿತ್ತು, ಎಲ್ಲವೂ ಅಚ್ಚ ಬಿಳುಪು. ಒಂದು ಗಿಡ ಒಂದು ಹೊತ್ತು ಒಣಗಿದರೂ ಹೂವು ಹಳದಿಯಾಗುತ್ತದೆ. ಆರನೆಯ ದಿನದಿಂದ, ಹೂವಿಗೆ ಬಿಸಿಲು ತಾಗದಂತೆ ಪ್ರತಿ ಗಿಡದ ನಾಲ್ಕು ಎಲೆಗಳನ್ನು ದಿನವೂ ಒಂದೊಂದಾಗಿ ಎಳೆದು ಮಡಚಬೇಕು. ಬಿತ್ತನೆಯ ಬೆಳಿಗ್ಗೆ ಮೇಸ್ತ್ರಿ ಎರಡು ಕುರ್ಚಿಗಳ ನಡುವೆ ಬಂದು ನಿಂತ.

“ಈ ಹತ್ತು ದಿನ ತಪ್ಪೋದೆಲ್ಲ ಬೇಡ. ಒಂದು ಗಿಡಾನೂ ಬಿಡಬಾರ್ದು, ಮಾಲೀಕರೇ ಹೇಳಿದಾರೆ. ನಾದಿನಿ, ನೀನು ಕಾಲು ಸುಮ್ನೆ ಇಟ್ಕೋ.”

ಆಟ ಹಿಡಿದುಬಿಟ್ಟರೆ ಏನು ಗತಿ ಎಂದು ನಾದಿನಿ ಕೇಳಿದಳು. ಅದೆಲ್ಲ ನಾವು ನೋಡ್ಕೋತೀವಿ ಎಂದು ಅವನು ಮುಂದಿನ ಸಾಲಿಗೆ ಹೋದ. ಅವಳು ಕಾಲು ಸುಮ್ಮನೆ ಇಟ್ಟುಕೊಂಡಳು.

ಅತ್ತಿಗೆಗೆ ಅದು ಹಬ್ಬವಾಯಿತು. ನಾಲ್ಕು ವರ್ಷದಲ್ಲಿ ಮೊದಲ ಬಾರಿ ಒಂದು ಗಿಡವನ್ನೂ ಬಿಡಬೇಕಿಲ್ಲ. ಅವಳ ಮೌಸಿನ ಸದ್ದು ಹೊಲಿಗೆ ಯಂತ್ರದಂತೆ ಒಂದೇ ಲಯಕ್ಕೆ ಬಿತ್ತು. ದಿನಕ್ಕೆ ಮೂರು ಸಲ ನೀರು, ಆರನೆಯ ದಿನದಿಂದ ಎಲೆಯ ಕೆಲಸ ಬೇರೆ, ಸಾವಿರದ ಒಂಬೈನೂರಿಪ್ಪತ್ತು ಎಲೆ. ಏಳನೆಯ ದಿನ ಮಧ್ಯಾಹ್ನ ಅವಳ ತೋರುಬೆರಳು ಊದಿಕೊಂಡು ಬಗ್ಗದಾಯಿತು. ಒಂದು ನಿಮಿಷ ಕೈ ಕೊಡವಿ, ನಡುಬೆರಳಿನಲ್ಲಿ ಕ್ಲಿಕ್ ಮಾಡತೊಡಗಿದಳು. ಮೊದಲು ತಡವರಿಸಿದಳು, ಅರ್ಧ ಗಂಟೆಯಲ್ಲಿ ಮತ್ತೆ ಅದೇ ಲಯ. ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಬ್ರಶ್ಶನ್ನು ಎಡಗೈಯಲ್ಲಿ ಹಿಡಿದಿದ್ದನ್ನು ನಾದಿನಿ ನೋಡಿದಳು. ಇನ್ನು ಮೂರು ದಿನ ತಾನೇ ಅಂದಳು ಅತ್ತಿಗೆ. ಹೂವು ಏನು ಚಂದ ಬರ್ತಿದೆ ಗೊತ್ತಾ, ಹತ್ತಿ ಬಿಡಿಸಿಟ್ಟ ಹಾಗೆ.

ಕೊಯ್ಲಿನ ಬೆಳಿಗ್ಗೆ ಹಾಲ್‌ನವರೆಲ್ಲ ಅವಳ ಕುರ್ಚಿಯ ಹಿಂದೆ ಗುಂಪುಗೂಡಿದರು. ಗೊಂಬೆ ಬುಟ್ಟಿ ಹಿಡಿದು ತೋಟಕ್ಕೆ ಇಳಿಯಿತು. ಮಡಚಿದ ಎಲೆಗಳು ಒಂದೊಂದೇ ಬಿಚ್ಚಿಕೊಂಡು, ಸ್ಕ್ರೀನಿನ ಈ ತುದಿಯಿಂದ ಆ ತುದಿಗೆ ಬಿಳುಪು ಹರಡಿತು. ಅತ್ತಿಗೆ ಮೊದಲ ಹೂಕೋಸಿನ ಮೇಲೆ ಒತ್ತಿದಳು. ಅದು ಏಳಲಿಲ್ಲ. ಇನ್ನೊಮ್ಮೆ ಒತ್ತಿದಳು. ಕೆಂಪು ಹಲಗೆಯೊಂದು ಮೇಲಿನಿಂದ ಇಳಿದು ತೋಟವನ್ನು ಮುಚ್ಚಿತು. ಇಲ್ಲಿ ಯಂತ್ರ ಕೆಲಸ ಮಾಡಿರುವುದರಿಂದ ಈ ತೋಟಕ್ಕೆ ಬೀಗ ಹಾಕಲಾಗಿದೆ ಎಂದು ಅದರಲ್ಲಿತ್ತು. ಗಿರಾಕಿಯ ಫೋನು ಬಂತು, ಮೇಸ್ತ್ರಿ ಮಾಲೀಕರ ಕೋಣೆಗೆ ಓಡಿದ, ಬಾಗಿಲು ಮುಚ್ಚಿತು. ಬಾಗಿಲು ತೆರೆದಾಗ ಪ್ರೋಗ್ರಾಂ ಹಾಕಿದವಳು ಯಾರೆಂದು ಆಗಲೇ ತೀರ್ಮಾನವಾಗಿತ್ತು.

ಇಂಥ ಹಾಲ್‌ಗಳು ಆ ಪೇಟೆಯಲ್ಲಿ ಇನ್ನೂ ಮೂರು ಇದ್ದವು. ಬುಧವಾರ ಅತ್ತಿಗೆ ಮೂರಕ್ಕೂ ಹೋದಳು. ಕಳ್ಳ ಪ್ರೋಗ್ರಾಂ ಹಾಕುವವರ ಪಟ್ಟಿಯೊಂದನ್ನು ನಾಲ್ಕೂ ಮಾಲೀಕರು ಹಂಚಿಕೊಂಡಿದ್ದರು. ಮೂರೂ ಕಡೆ ಅವಳ ಹೆಸರು ಕೇಳಿದರು, ಸ್ಕ್ರೀನ್ ನೋಡಿದರು, ಹೇಳಿ ಕಳಿಸ್ತೀವಮ್ಮಾ ಅಂದರು. ಮೂರನೆಯ ಕಡೆ ಕುಡಿಯಲು ನೀರು ಕೊಟ್ಟರಂತೆ. ಅದನ್ನು ದೊಡ್ಡ ಉಪಕಾರದಂತೆ ಮನೆಗೆ ಬಂದು ಹೇಳಿದಳು.

ಗುರುವಾರ ಮೇಸ್ತ್ರಿ ನಾದಿನಿಯ ಮೇಜಿನ ಮೇಲೆ ಒಂದು ಕಾಗದ ಇಟ್ಟ. ಅದರಲ್ಲಿ “ಪಕ್ಕದ ಕುರ್ಚಿಯಲ್ಲಿದ್ದ ನಾನು, ಆಕೆ ಕಳ್ಳ ಪ್ರೋಗ್ರಾಂ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ” ಎಂದು ಅಚ್ಚಾಗಿತ್ತು. ಕೆಳಗೆ ಸಹಿಗೆ ಗೆರೆ. ಗಿರಾಕಿ ಸಾಕ್ಷಿ ಕೇಳ್ತಿದಾರೆ, ಮನೆಯವಳೇ ಬರೆದುಕೊಟ್ಟರೆ ನಂಬ್ತಾರೆ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಸಹಿ ಹಾಕಿದರೆ ಹೊಸಬರಿಗೆ ಕಲಿಸುವ ಕೆಲಸ ಅವಳಿಗೆ, ಇನ್ನು ಬೆರಳು ಸವೆಸಬೇಕಿಲ್ಲ. ಹಾಕದಿದ್ದರೆ ಪಟ್ಟಿಯಲ್ಲಿ ಇನ್ನೊಂದು ಹೆಸರಿಗೆ ಜಾಗವಿದೆ. ನಾಳೆ ಬೆಳಿಗ್ಗೆ ಮಾಲೀಕರ ಕೈಗೇ ಕೊಡು ಅಂದ.

ಸಂಜೆ ಮನೆಯಲ್ಲಿ ಅಣ್ಣ ಕಾಗದವನ್ನು ಎರಡು ಸಲ ಓದಿದ. ಅವನು ಲಿಫ್ಟ್ ರಿಪೇರಿಯವನು, ಯಂತ್ರ ಸುಮ್ಮಸುಮ್ಮನೆ ಕೆಡುವುದಿಲ್ಲ ಎಂದು ನಂಬಿದವನು. ಹೆಂಡತಿಯ ಕಡೆ ನೋಡದೆ, ಗೋಡೆಗೆ ಹೇಳುವ ಹಾಗೆ ಕೇಳಿದ.

“ಏನೂ ಮಾಡದೇ ಇದ್ರೆ ಆಟ ಯಾಕೆ ಹಂಗೆ ಹೇಳತ್ತೆ?”

ಅತ್ತಿಗೆ ಬಟ್ಟೆ ಮಡಚುತ್ತಿದ್ದಳು. ಮಡಚುತ್ತಲೇ ಇದ್ದಳು. ಅಂಗಿಯ ಎಡತೋಳು, ಬಲತೋಳು, ಕೆಳಗಿನದು, ಮೇಲಿನದು. ಊದಿದ ಬೆರಳು ಮಾತ್ರ ಕಡ್ಡಿಯಂತೆ ಎದ್ದು ನಿಂತಿತ್ತು. ನಾದಿನಿಗೆ ಅದನ್ನು ನೋಡಲಾಗಲಿಲ್ಲ. ಮೇಸ್ತ್ರಿಯ ಮಾತನ್ನು ಕೇಳಿಸಿಕೊಂಡವಳು ತಾನು, ಕಾಲು ಹಿಂದಕ್ಕೆ ಎಳೆದುಕೊಂಡವಳೂ ತಾನು. ಅದನ್ನೆಲ್ಲ ಅವಳು ಅಣ್ಣನಿಗೆ ಹೇಳಿದಳು. ಅವನು ತಲೆಯಾಡಿಸಿದ, ಆದರೂ ಮನೆಯಲ್ಲಿ ಒಂದು ಕೆಲಸವಾದರೂ ಉಳಿಯಲಿ, ಸಹಿ ಅಂದರೆ ಏನು, ಎರಡು ಗೀಟು ಅಂದ. ಅವನು ಕೆಟ್ಟವನಲ್ಲ. ದಿನವಿಡೀ ಬೇರೆಯವರು ಮೇಲೆ ಹೋಗಲೆಂದು ಕತ್ತಲ ಗುಂಡಿಯಲ್ಲಿ ನಿಲ್ಲುವವನಿಗೆ ಯಾರ ಜೊತೆಗೂ ಜಗಳ ಬೇಡವಾಗಿತ್ತು.

ಅವನು ಎದ್ದು ಹೋದ ಮೇಲೆ ನಾದಿನಿ ಮೆಲ್ಲನೆ, ನಾನೇನು ಮಾಡಲಿ ಅತ್ತಿಗೆ ಎಂದಳು. ಅತ್ತಿಗೆ ಇನ್ನೊಂದು ಅಂಗಿ ಎತ್ತಿಕೊಂಡಳು.

“ಆ ಹೂಕೋಸು ಏನಾಯ್ತು?” ಎಂದು ಕೇಳಿದಳು. “ಇನ್ನೂ ಗಿಡದಲ್ಲೇ ಇದ್ಯಾ?”

ಇದೆ ಎಂದಳು ನಾದಿನಿ. ಬೀಗ ಹಾಕಿದ ತೋಟದಲ್ಲಿ ಹೊತ್ತು ಸರಿಯುತ್ತಲೇ ಇರುತ್ತದೆ. ಈ ಹೊತ್ತಿಗೆ ಹೂವು ಬಿರಿದು ಹಳದಿ ತಿರುಗಿರುತ್ತದೆ. ಅದನ್ನು ಅವಳು ಹೇಳಲಿಲ್ಲ, ಮಂಡಿಯಲ್ಲಿ ಒಂಬತ್ತು ವರ್ಷ ಕಳೆದವಳಿಗೆ ಹೇಳಬೇಕಾಗಿಯೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಾಲೀಕರು ನಾದಿನಿಗೆ ಕೂರಲು ಹೇಳಿದರು. ಅವರ ಕೋಣೆಯ ಕಿಟಕಿಗೆ ಕಾಗದ ಅಂಟಿಸಿರಲಿಲ್ಲ. ಮೇಜಿನ ಮೇಲೆ ಆಟದ ಕಂಪನಿಯವರು ಕಳಿಸಿದ ನಕ್ಷೆಯಿತ್ತು, ಅದರಲ್ಲಿ ಅತ್ತಿಗೆಯ ಹತ್ತು ದಿನದ ಕ್ಲಿಕ್ಕುಗಳು ಒಂದು ಉದ್ದನೆಯ ಗೆರೆಯಾಗಿ ಹರಡಿದ್ದವು. ಗೆರೆ ನೆಟ್ಟಗಿತ್ತು, ಅಳತೆ ಪಟ್ಟಿ ಇಟ್ಟು ಎಳೆದಷ್ಟು.

“ನೋಡಮ್ಮಾ,” ಎಂದರು ಅವರು, ಸೌಮ್ಯವಾಗಿಯೇ. “ಮನುಷ್ಯರ ಕೈಲಿ ಇದು ಆಗತ್ತಾ? ನೀನೇ ಹೇಳು.”

ಅವಳು ಬಗ್ಗಿ ನೋಡಿದಳು. ಗೆರೆಯುದ್ದಕ್ಕೂ ಬೆರಳು ಸರಿಸಿಕೊಂಡು ಹೋದಳು. ಏಳನೆಯ ದಿನ ಮಧ್ಯಾಹ್ನದ ಹತ್ತಿರ ಗೆರೆ ಕಡಿದಿತ್ತು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ನಡುಗುವವರು ಬರೆದಂತೆ ಅರ್ಧ ಗಂಟೆ ಮೇಲೆ ಕೆಳಗೆ ಕುಣಿದು, ನಿಧಾನಕ್ಕೆ ನೆಟ್ಟಗಾಗಿತ್ತು.

“ಇಲ್ಲಿ ಬೆರಳು ಊದಿತ್ತು,” ಅಂದಳು. “ಇಲ್ಲಿಂದ ನಡುಬೆರಳು. ಪ್ರೋಗ್ರಾಂಗೆ ಬೆರಳು ಊದಿಕೊಳ್ಳತ್ತಾ ಸಾರ್?”

ಮಾಲೀಕರು ಕನ್ನಡಕ ಹಾಕಿಕೊಂಡು ಆ ಜಾಗವನ್ನು ಬಹಳ ಹೊತ್ತು ನೋಡಿದರು. ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿಯೂ ಕತ್ತು ಚಾಚಿ ನೋಡಿದ. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಇಬ್ಬರ ಮುಖದಲ್ಲೂ ಕಾಣುತ್ತಿತ್ತು. ತಿಳಿಯದೆ ಮಾಡಿದವರಿಗೆ ತಿಳಿಸಬಹುದು, ತಿಳಿದ ಮೇಲೂ ಮಾಡುವವರಿಗೆ ಏನನ್ನು ತಿಳಿಸುವುದು? ಮಾಲೀಕರು ನಕ್ಷೆಯನ್ನು ಎರಡಾಗಿ ಮಡಚಿ ಡ್ರಾಯರಿನೊಳಗೆ ಹಾಕಿದರು. ಸಾಕ್ಷಿಯ ಕಾಗದವನ್ನು ಅವಳ ಮುಂದಕ್ಕೆ ಸರಿಸಿ, ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟರು.

ಗಿರಾಕಿ ಕಾಯ್ತಿದಾರೆ ಎಂದರು. ಈ ಗಿರಾಕಿ ಹೋದರೆ ಹಾಲ್ ಮುಚ್ಚಬೇಕಾಗುತ್ತದೆ, ಇಪ್ಪತ್ತೊಂದು ಮನೆಯ ಒಲೆ ನಿನ್ನ ಒಂದು ಸಹಿಯಲ್ಲಿದೆ ಎಂದರು. ಅತ್ತಿಗೆ ಹೆಸರು ಹೇಗಿದ್ರೂ ಹಾಳಾಗಿದೆ, ಸಹಿ ಹಾಕದಿದ್ರೆ ಸರಿಹೋಗತ್ತಾ ಎಂದರು. ಒಂದೊಂದು ಮಾತನ್ನೂ ಅವರು ತೀರಾ ಮೆತ್ತಗೆ ಹೇಳಿದರು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಹೊರಗೆ ಹಾಲ್‌ನಲ್ಲಿ ಇಪ್ಪತ್ತು ಮೌಸುಗಳ ಸದ್ದು, ನಡುನಡುವೆ ಕಲಿತ ತಪ್ಪುಗಳ ತಡವರಿಕೆ. ಅವಳು ಪೆನ್ನನ್ನು ಎತ್ತಿ, ಮುಚ್ಚಳ ಹಾಕಿ, ಮೇಜಿನ ಮೇಲೆ ಇಟ್ಟಳು.

“ನಾನು ಹಾಕಲ್ಲ ಸಾರ್.”

“ದುಡುಕಬೇಡ. ಹೋಗಿ ಕೆಲಸಕ್ಕೆ ಕೂತ್ಕೋ. ಯೋಚನೆ ಮಾಡಿ ಸಂಜೆ ಹಾಕು.”

“ಸಂಜೇನೂ ಹಾಕಲ್ಲ,” ಅಂದಳು ನಾದಿನಿ. ಕುರ್ಚಿಯಿಂದ ಏಳಲೂ ಇಲ್ಲ.