ಒಂದೇ ಗೆರೆ ಬ್ಯಾಟರಿ

ಒಬ್ಬಳೇ ಗುಡ್ಡ ಸುತ್ತುವ ಈ ಹುಚ್ಚು ನಿನಗೆ ಯಾರಿಂದ ಬಂತೇ ಎಂದು ಆ ಭಾನುವಾರವೂ ಮಗಳನ್ನು ಬೈದೇ ಕಳಿಸಿದ್ದೆ. ಮಧ್ಯಾಹ್ನ ಹರಿಣಿಯ ಫೋನು ಬಂತು.

“ಅಮ್ಮಾ, ಫರೀದಾಬಾದ್ ಹಿಂದಿನ ಹಳೇ ಕಲ್ಲುಕ್ವಾರಿಯಲ್ಲಿ ಬಿದ್ದಿದ್ದೀನಿ. ಕಾಲು ಮುರಿದಿದೆ ಅನ್ಸುತ್ತೆ. ಕೋಯಿ ನಹೀ ಹೈ ಯಹಾಂ, ಯಾರೂ ಇಲ್ಲ. ಬ್ಯಾಟರಿ ಎರಡೇ ಗೆರೆ ಇದೆ.”

ನಮ್ಮ ಯಜಮಾನರು ಏಕನಾಥ, ಕೆಲಸಕ್ಕಾಗಿ ಈ ಉತ್ತರದ ಕಡೆ ಬಂದು ನೆಲೆಸಿದ ಸರ್ಕಾರಿ ಕಚೇರಿಯವರು. ಯಾವ ವಿಷಯವನ್ನೇ ಆಗಲಿ ಹತ್ತು ಜನರ ಗಮನಕ್ಕೆ ತರದಿದ್ದರೆ ಅವರಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಪೊಲೀಸರಿಗೆ ಹೇಳಿದ ಮೇಲೆ ಊರ ಕಡೆ ಮೈಸೂರು, ಹುಬ್ಬಳ್ಳಿ, ಹಾಸನದ ನೆಂಟರಿಗೆಲ್ಲ ಹೇಳಿದರು. ಆ ಪುಣ್ಯಾತ್ಮರೆಲ್ಲ ನೇರ ಹರಿಣಿಗೇ ಫೋನು ಮಾಡಿದರು. ಊಟ ಆಯ್ತಾ, ಹೆದರಿಕೊಳ್ಳಬೇಡ, ರಾಯರಿದ್ದಾರೆ! ಅವಳ ಬ್ಯಾಟರಿಯ ಎರಡು ಗೆರೆ ಒಂದಕ್ಕಿಳಿಯಿತು.

ನನ್ನ ಕಿರುಚಾಟ ಕೇಳಿ ಕೆಳಗಿನ ಮನೆಯ ಕರುಂಬಯ್ಯ ಓಡಿ ಬಂದರು. ಕೊಡಗಿನವರು, ಸೈನ್ಯದಲ್ಲಿ ವೈರ್‌ಲೆಸ್ ವಿಭಾಗದಲ್ಲಿದ್ದು ನಿವೃತ್ತರಾದವರು.

“ಏಕನಾಥ್, ಆ ಬ್ಯಾಟರಿ ಹೋದ್ರೆ ಹುಡುಗಿ ಸಿಗಲ್ಲ ಕಣ್ರೀ!” ಎಂದು ಗದರಿ, ನಮ್ಮ ಮೊಬೈಲಿನಿಂದ ಅವರೇ ಮಾತಾಡಿದರು. “ಮಗಳೇ, ನೀರು ತುಂಬಿದ ಗುಂಡಿಯಾ? ಅಚ್ಛಾ. ಈಗ ಫೋನ್ ಆಫ್ ಮಾಡು. ಆರು ಗಂಟೆಗೆ ಆನ್ ಮಾಡು. ಈ ನಂಬರ್ ಬಿಟ್ಟು ಬೇರೆ ಯಾವುದನ್ನೂ ಎತ್ತಬೇಡ.” ಜೀಪು ಹತ್ತಿ ಹೊರಟೇಹೋದರು.

ನಾನು ನೆಂಟರಿಗೆಲ್ಲ ಫೋನು ಮಾಡಿದೆ. “ಇನ್ನೊಂದು ಸಲ ಅವಳಿಗೆ ರಿಂಗ್ ಕೊಟ್ಟರೆ ನಿಮಗೂ ನಮಗೂ ಸಂಬಂಧವಿಲ್ಲ.” ಹಾಸನದ ನಾದಿನಿ ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ. ನನ್ನ ಮಗು ಗುಂಡಿಯಲ್ಲಿತ್ತು.

ಆರಕ್ಕೆ ಸ್ವಲ್ಪ ಮೊದಲು ಲ್ಯಾಂಡ್‌ಲೈನ್ ಬಡಿದುಕೊಂಡಿತು. ಕ್ವಾರಿಯಿಂದ ಕರುಂಬಯ್ಯ ಮಾಡಿದ್ದರು. “ಸರಳಮ್ಮಾ, ಇಲ್ಲಿ ಎಲ್ಲಿ ನೋಡಿದ್ರೂ ನೀರು ತುಂಬಿದ ಗುಂಡಿಗಳೇ. ಪೊಲೀಸರೂ ಹುಡುಕ್ತಿದ್ದಾರೆ. ಕತ್ತಲಾದ್ರೆ ಯಾರೂ ಇಳಿಯೋ ಹಾಗಿಲ್ಲ. ಅವಳಿಗೆ ಏನು ಕಾಣ್ತಿದೆ, ಅದೊಂದೇ ಕೇಳಿ. ನಾನು ಲೈನಿನಲ್ಲೇ ಇರ್ತೀನಿ.”

ಮೊಬೈಲು ಯಜಮಾನರ ಕೈಯಲ್ಲಿತ್ತು. ಇವರಾದರೆ ಕುಶಲ ಕೇಳುವುದರಲ್ಲೇ ಕೂರುತ್ತಾರೆಂದು ಕಿತ್ತುಕೊಂಡೆ. ಆರು ಹೊಡೆದೊಡನೆ ಹರಿಣಿಗೆ ಫೋನು ಮಾಡಿದೆ. ರಿಂಗ್ ಆಯಿತು.

“ಅಮ್ಮಾ...” ಅವಳು ಬಿಕ್ಕಿ ಬಿಕ್ಕಿ ಅತ್ತಳು.

“ಅಳಬೇಡ. ಏನು ಕಾಣ್ತಿದೆ?”

“ಅಮ್ಮಾ, ಕಾಲು ತುಂಬಾ...”

“ಹರಿಣಿ! ಬಾಯಿ ಮುಚ್ಚು! ಎದುರಿಗೆ ಏನು ಕಾಣ್ತಿದೆ, ಅದು ಹೇಳು!”

“ಕೆಂಪು ಬಂಡೆ. ಮೇಲೆ ತುಕ್ಕು ಹಿಡಿದ ಕ್ರೇನ್. ಸೂರ್ಯ ಅದರ ಹಿಂದೆ...”

ಲೈನು ಸತ್ತುಹೋಯಿತು. ಕೇಳಿದ್ದನ್ನು ಹಾಗೇ ಲ್ಯಾಂಡ್‌ಲೈನಿಗೆ ಒದರಿದೆ. “ಕ್ರೇನ್ ಕಾಣ್ತಿದೆ! ಚಲೋ!” ಎಂದು ಯಾರಿಗೋ ಕೂಗಿ ಕರುಂಬಯ್ಯ ಫೋನಿಟ್ಟರು. ಆಮೇಲೆ ನಾವಿಬ್ಬರೂ ಲ್ಯಾಂಡ್‌ಲೈನಿನ ಪಕ್ಕದಲ್ಲೇ ಕೂತೆವು. ಫೋನು ಮತ್ತೆ ಬಂದಾಗ ಎತ್ತಲು ನನಗೆ ಧೈರ್ಯವಾಗಲಿಲ್ಲ. ಯಜಮಾನರು ಎತ್ತಿದರು. “ಸಿಕ್ಕಿದ್ಳಂತೆ ಕಣೇ” ಎಂದು ರಿಸೀವರನ್ನು ನನ್ನ ಕೈಗೆ ಕೊಟ್ಟರು.

ಫರೀದಾಬಾದಿನ ಆಸ್ಪತ್ರೆಯಲ್ಲಿ ಹರಿಣಿ ನನ್ನನ್ನು ಕಂಡು ಗೋಡೆಯ ಕಡೆ ತಿರುಗಿದಳು.

“ದರ್ದ್ ಹೋ ರಹಾ ಹೈ ಕ್ಯಾ, ನೋಯ್ತಿದೆಯಾ ಅಂತಾನೂ ಕೇಳಲಿಲ್ಲ ನೀನು. ಬಾಯಿ ಮುಚ್ಚು ಅಂದೆ.”

ಯಜಮಾನರು ಬ್ಯಾಟರಿಯ ವಿಷಯ ವಿವರಿಸಲು ಹೊರಟರು. ಸುಮ್ಮನಿರಿ ಎಂದು ಕೈ ಮಾಡಿ ಅವಳ ಪಕ್ಕ ಕೂತೆ. ನನಗೆ ಅಳು ತಡೆಯಲಾಗಲಿಲ್ಲ.

“ಹಾಳಾದೋಳೇ, ತುಂಬಾ ನೋಯ್ತಿದೆಯೇನೇ?”

ಅವಳು ಹೇಳತೊಡಗಿದಳು. ಮುಗಿಸುವ ತನಕ ನಾನು ಬಾಯಿ ತೆರೆಯಲಿಲ್ಲ.